ಉತ್ತರ ಬೇಡ, ಸಾಕೇ ಎಂದಷ್ಟೇ ನೋಡಿ

ಪ್ರಶ್ನೆ: ಬ್ಯಾಂಕ್ ಪಿಓ (ಪ್ರೊಬೇಷನರಿ ಆಫೀಸರ್) ಪರೀಕ್ಷೆಗೆ ತಯಾರಿ ನಡೆಸಿದ್ದೇನೆ. ಡೇಟಾ ಸಫಿಶಿಯೆನ್ಸಿ ಲೆಕ್ಕಗಳನ್ನು ಬಿಡಿಸಲು ಬರುತ್ತದೆ, ಆದರೆ ಒಂದೊಂದಕ್ಕೂ ಮೂರು ನಾಲ್ಕು ನಿಮಿಷ ಹಿಡಿಯುತ್ತಿದೆ. ಏನು ಮಾಡಲಿ?
– ಓದುಗರೊಬ್ಬರು, ಹಾವೇರಿ

ಉತ್ತರ: ಬಿಡಿಸುತ್ತಿದ್ದೀರಲ್ಲ, ತಡವಾಗುವುದು ಅಲ್ಲೇ. ಪ್ರಶ್ನೆಯ ಕೆಳಗೆ ಎರಡು ಹೇಳಿಕೆ ಕೊಟ್ಟು, ಆ ಮಾಹಿತಿಯಿಂದ ಒಂದೇ ಒಂದು ಉತ್ತರ ಹೊರಡುತ್ತದೆಯೇ ಎಂದಷ್ಟೇ ಇಲ್ಲಿ ಕೇಳಿರುತ್ತಾರೆ. ಆಯ್ಕೆಗಳು ಐದು: ಮೊದಲನೆಯದು ಮಾತ್ರ ಸಾಕು, ಎರಡನೆಯದು ಮಾತ್ರ ಸಾಕು, ಎರಡರಲ್ಲಿ ಯಾವುದಾದರೂ ಒಂದು ಸಾಕು, ಎರಡೂ ಸೇರಿದರೂ ಸಾಲದು, ಎರಡೂ ಸೇರಿದರೆ ಸಾಕು. ರೈಲಿನ ವೇಗ ಗಂಟೆಗೆ 72 ಕಿ.ಮೀ., ಕಂಬ ದಾಟಲು 9 ಸೆಕೆಂಡು ಎಂದಿದ್ದರೆ ಉದ್ದ ಸಿಕ್ಕೇ ಸಿಗುತ್ತದೆ. 72ನ್ನು ಸೆಕೆಂಡಿಗೆ 20 ಮೀಟರ್ ಮಾಡಿ, 9ರಿಂದ ಗುಣಿಸಿ, 180 ಎಂದು ಬರೆಯುವುದೆಲ್ಲ ದಂಡ. 'ಸಾಕು' ಎಂದು ಗುರುತು ಹಾಕಿ ಮುಂದೆ ಹೋಗಿ.

ಹೇಳಿಕೆಗಳನ್ನು ಓದುವ ಮೊದಲೇ ಏನು ಬೇಕೆಂದು ರಫ್ ಹಾಳೆಯಲ್ಲಿ ಒಂದು ಪದ ಬರೆದುಕೊಳ್ಳಿ. 'ಲಾಭ ಶೇಕಡಾ ಎಷ್ಟು' ಎಂದರೆ ಅಸಲು ಬೆಲೆಗೂ ಮಾರಿದ ಬೆಲೆಗೂ ಇರುವ ಅನುಪಾತ ಸಿಕ್ಕರೆ ಆಯಿತು. 'ಲಾಭ ಎಷ್ಟು ರೂಪಾಯಿ' ಎಂದರೆ ಅನುಪಾತದ ಜೊತೆಗೆ ಒಂದಾದರೂ ಮೊತ್ತ ರೂಪಾಯಿಯಲ್ಲೇ ಬೇಕು.

ಆಮೇಲೆ ಮೊದಲ ಹೇಳಿಕೆಯನ್ನು ಮಾತ್ರ ನೋಡಿ. ಅದು ಸಾಕಾದರೆ ಉಳಿಯುವ ಆಯ್ಕೆ ಎರಡೇ: 'ಮೊದಲನೆಯದು ಮಾತ್ರ' ಅಥವಾ 'ಎರಡರಲ್ಲಿ ಯಾವುದಾದರೂ ಒಂದು'. ಸಾಲದಿದ್ದರೆ ಆ ಎರಡನ್ನೂ ಹೊಡೆದುಹಾಕಿ, ಮೂರು ಉಳಿಯುತ್ತವೆ. ಎರಡನೆಯ ಹೇಳಿಕೆಗೆ ಬಂದಾಗ ಮೊದಲನೆಯದನ್ನು ಪೂರ್ತಿ ಮರೆಯಬೇಕು. ಹೆಚ್ಚಿನವರು ಎಡವುವುದು ಇಲ್ಲೇ: ಆಗಲೇ ಬರೆದ ಸಮೀಕರಣ ಕಣ್ಣೆದುರೇ ಇರುತ್ತದೆ, ಗೊತ್ತಿಲ್ಲದೆ ಅದನ್ನೂ ಸೇರಿಸಿಕೊಂಡುಬಿಡುತ್ತಾರೆ. ಹಾಳೆಯ ನಡುವೆ ಗೆರೆ ಎಳೆದು ಎರಡು ಬದಿಯಲ್ಲಿ ಬರೆಯುವುದು ಒಳ್ಳೆಯದು.

ಮೊದಲನೆಯದು ಕಗ್ಗಂಟಾಗಿದ್ದರೆ ಎರಡನೆಯದರಿಂದಲೇ ಶುರುಮಾಡಿ. ಒಂದು ಹೇಳಿಕೆ ಮಾತ್ರ ತಿಳಿದರೂ ಲಾಭವುಂಟು. ಸರಿಯುತ್ತರಕ್ಕೆ ಒಂದು ಅಂಕ, ತಪ್ಪಿಗೆ ಕಾಲು ಅಂಕ ಕಡಿತವಿರುವ ಪತ್ರಿಕೆಯಲ್ಲಿ ಐದರಲ್ಲಿ ಒಂದನ್ನು ಕಣ್ಣುಮುಚ್ಚಿ ಆರಿಸಿದರೆ ಸರಾಸರಿ ಗಳಿಕೆ ಸೊನ್ನೆ. ಮೂರಕ್ಕೆ ಇಳಿದರೆ 1/6 ಅಂಕ, ಎರಡಕ್ಕೆ ಇಳಿದರೆ 3/8 ಅಂಕ. ಅಂದರೆ ಅರ್ಧ ತಿಳಿದ ಪ್ರಶ್ನೆಯನ್ನು ಖಾಲಿ ಬಿಡಬಾರದು.

ಪ್ರಶ್ನೆ: ಎರಡು ಅಜ್ಞಾತಗಳಿದ್ದರೆ ಎರಡು ಸಮೀಕರಣ ಬೇಕು ಎಂಬ ಸೂತ್ರ ಹಿಡಿದು ಹೋದರೂ ಉತ್ತರ ತಪ್ಪುತ್ತಿದೆ.
– ಓದುಗರೊಬ್ಬರು, ಧಾರವಾಡ

ಉತ್ತರ: ಪ್ರಶ್ನೆ ತಯಾರಿಸುವವರು ಬಲೆ ಬೀಸುವುದೇ ಆ ಸೂತ್ರ ನಂಬಿದವರಿಗೆ. 2ಎಕ್ಸ್ + 3ವೈ = 12 ಮತ್ತು 4ಎಕ್ಸ್ + 6ವೈ = 24 ನೋಡಲು ಎರಡು; ಮೊದಲನೆಯದನ್ನು 2ರಿಂದ ಗುಣಿಸಿದರೆ ಎರಡನೆಯದೇ ಬರುತ್ತದೆ. ಸಮೀಕರಣ ಒಂದೇ ಆದ್ದರಿಂದ ಸಾಲದು.

ಇದರ ತಿರುವು ಇನ್ನೂ ಚೆನ್ನಾಗಿದೆ. 17 ರೂಪಾಯಿಯ ಪೆನ್ನು, 23 ರೂಪಾಯಿಯ ನೋಟ್‌ಬುಕ್ ಕೊಂಡರು, ಪೆನ್ನು ಎಷ್ಟು? ಹೇಳಿಕೆ 1: ಒಟ್ಟು ಬಿಲ್ಲು 126 ರೂಪಾಯಿ. ಹೇಳಿಕೆ 2: ಒಟ್ಟು ವಸ್ತು 6. ಅವಸರದಲ್ಲಿ 'ಎರಡೂ ಸೇರಿ' ಎಂದೇ ಗುರುತು ಹಾಕುತ್ತೇವೆ. ಆದರೆ ಅರ್ಧ ಪೆನ್ನು ಯಾರೂ ಕೊಳ್ಳುವುದಿಲ್ಲವಲ್ಲ! 126ರಿಂದ 23, 46, 69, 92, 115 ಕಳೆಯುತ್ತ ಹೋಗಿ: 103, 80, 57, 34, 11. ಇವುಗಳಲ್ಲಿ 17ರಿಂದ ಭಾಗವಾಗುವುದು 34 ಮಾತ್ರ. ನೋಟ್‌ಬುಕ್ಕೇ ಕೊಳ್ಳದಿದ್ದರೂ 126 ಹದಿನೇಳರ ಮಗ್ಗಿಯಲ್ಲಿಲ್ಲ. ಹಾಗಾಗಿ ಪೆನ್ನು ಎರಡೇ, ಮೊದಲ ಹೇಳಿಕೆಯೊಂದೇ ಸಾಕು. ಜನ, ಮರ, ಟಿಕೆಟ್ಟು, ನಾಣ್ಯ ಹೀಗೆ ಎಣಿಸುವ ವಸ್ತುಗಳು ಬಂದಾಗಲೆಲ್ಲ ಈ ಅನುಮಾನ ಇರಲಿ.

ಪ್ರಶ್ನೆ: ಎಂಬಿಎ ಪ್ರವೇಶಕ್ಕೆ ಬರೆಯುವ ಜಿಮ್ಯಾಟ್‌ ಪರೀಕ್ಷೆಯಲ್ಲೂ ಇದೇ ಕ್ರಮ ನಡೆಯುತ್ತದೆಯೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಕ್ರಮ ಅದೇ, ಆಯ್ಕೆಗಳ ಸಾಲು ಬೇರೆ. ಅಲ್ಲಿ ಸಿ ಎಂದರೆ ಎರಡೂ ಸೇರಿದರೆ ಸಾಕು, ಡಿ ಎಂದರೆ ಪ್ರತಿಯೊಂದೂ ಒಂಟಿಯಾಗಿಯೇ ಸಾಕು, ಇ ಎಂದರೆ ಸೇರಿದರೂ ಸಾಲದು. ಹಲವು ಬ್ಯಾಂಕ್ ಪತ್ರಿಕೆಗಳಲ್ಲಿ 'ಎರಡೂ ಸೇರಿ' ಕೊನೆಗೆ ಬರುತ್ತದೆ. ಎರಡೂ ಪರೀಕ್ಷೆ ಬರೆಯುವವರು ಅಕ್ಷರ ಉರುಹೊಡೆಯದೆ ಪ್ರತಿ ಸಲ ಸೂಚನೆ ಓದಬೇಕು. 2023ರ ನವೆಂಬರ್‌ನಲ್ಲಿ ಬಂದ ಜಿಮ್ಯಾಟ್‌ನ ಹೊಸ ಮಾದರಿಯಲ್ಲಿ ಈ ಪ್ರಶ್ನೆಗಳು ಡೇಟಾ ಇನ್‌ಸೈಟ್ಸ್ ವಿಭಾಗಕ್ಕೆ ಸೇರಿವೆ: 45 ನಿಮಿಷ, 20 ಪ್ರಶ್ನೆ, ಅಂದರೆ ಒಂದಕ್ಕೆ ಎರಡೂಕಾಲು ನಿಮಿಷ. ತೆರೆಯ ಮೇಲೆ ಕ್ಯಾಲ್ಕ್ಯುಲೇಟರ್ ಇರುತ್ತದೆ. ಈ ಬಗೆಯ ಪ್ರಶ್ನೆಗೆ ಅದನ್ನು ಪದೇ ಪದೇ ಒತ್ತುತ್ತಿದ್ದರೆ ದಾರಿ ತಪ್ಪಿದ್ದೀರಿ ಎಂದೇ ತಿಳಿಯಿರಿ. ಜಿಮ್ಯಾಟ್‌ನ ಎರಡು ಹೇಳಿಕೆಗಳು ಒಂದಕ್ಕೊಂದು ವಿರುದ್ಧವಾಗಿರುವುದಿಲ್ಲ. ಒಂದರಿಂದ 4, ಇನ್ನೊಂದರಿಂದ 7 ಬಂದರೆ ಎಲ್ಲೋ ನಿಮ್ಮ ಲೆಕ್ಕವೇ ತಪ್ಪಿದೆ.

ಹೌದು–ಅಲ್ಲ ಪ್ರಶ್ನೆಗಳಲ್ಲಿ ಖಚಿತವಾದ 'ಅಲ್ಲ' ಕೂಡ ಉತ್ತರವೇ. ಎಕ್ಸ್ 5ಕ್ಕಿಂತ ದೊಡ್ಡದೇ ಎಂದು ಕೇಳಿ, ಎಕ್ಸ್‌ನ ವರ್ಗ 9 ಎಂದರೆ ಎಕ್ಸ್ 3 ಅಥವಾ –3. ಎರಡರಲ್ಲೂ 'ಅಲ್ಲ', ಆದ್ದರಿಂದ ಸಾಕು. ಬೆಲೆ ಹಾಕಿ ಪರೀಕ್ಷಿಸುವಾಗ 2, 3ಕ್ಕೆ ನಿಲ್ಲಬೇಡಿ. 0, 1, ಒಂದು ಭಿನ್ನರಾಶಿ, ಒಂದು ಋಣಸಂಖ್ಯೆ ಹಾಕಿ ನೋಡಿ. ಎಕ್ಸ್‌ನ ವರ್ಗ ಎಕ್ಸ್‌ಗಿಂತ ದೊಡ್ಡದೇ? ಹೇಳಿಕೆ 1: ಎಕ್ಸ್ ಸೊನ್ನೆಗಿಂತ ದೊಡ್ಡದು. ಹೇಳಿಕೆ 2: ಎಕ್ಸ್ ಪೂರ್ಣಾಂಕ. ಅರ್ಧ ಹಾಕಿ ಮೊದಲನೆಯದನ್ನು ತಳ್ಳಿಹಾಕಿದವರೂ ಎರಡನ್ನು ಸೇರಿಸಿದಾಗ 'ಸಾಕು' ಎಂದುಬಿಡುತ್ತಾರೆ. 1 ಹಾಕಿ: ವರ್ಗವೂ 1, ದೊಡ್ಡದಲ್ಲ. 2 ಹಾಕಿದರೆ ದೊಡ್ಡದು. ಉತ್ತರ ಇ.