ಬೆಕ್ಕು ಮನೆಯಲ್ಲಿರಲಿ, ಮಗಳು ಮಲಗುವ ಕೋಣೆಯಲ್ಲಿ ಬೇಡ

ಪ್ರಶ್ನೆ: ನಮ್ಮ ಏಳು ವರ್ಷದ ಮಗಳಿಗೆ ಒಂದು ವರ್ಷದಿಂದ ಬೆಳಗಾದರೆ ಸಾಲುಸಾಲು ಸೀನು, ಮೂಗು ಸೋರುವುದು, ರಾತ್ರಿ ಕೆಮ್ಮು. ಎರಡು ಬಾರಿ ಉಬ್ಬಸ ಬಂದು ಆಸ್ಪತ್ರೆಯಲ್ಲಿ ನೆಬ್ಯುಲೈಜರ್ ಹಿಡಿಸಿದ್ದೇವೆ. ಮನೆಯಲ್ಲಿ ನಾಲ್ಕು ವರ್ಷದಿಂದ ಒಂದು ಗಂಡು, ಒಂದು ಹೆಣ್ಣು ಬೆಕ್ಕುಗಳಿವೆ. ಅವುಗಳಿಗೆ ಮುಖ ಒತ್ತಿ ಆಡಿದ ಸ್ವಲ್ಪ ಹೊತ್ತಿಗೇ ಮಗಳ ಕಣ್ಣು ಕೆಂಪಾಗಿ ತುರಿಸುತ್ತದೆ. ರಕ್ತ ಪರೀಕ್ಷೆಯಲ್ಲೂ ಬೆಕ್ಕಿನ ಅಲರ್ಜಿ ಎಂದೇ ಬಂದಿದೆ. ಆದರೆ ಬೆಕ್ಕುಗಳನ್ನು ಹದಿನೈದು ದಿನ ಆಳಂದದ ಸಂಬಂಧಿಕರ ಮನೆಯಲ್ಲಿ ಬಿಟ್ಟು ನೋಡಿದಾಗ ಕೆಮ್ಮು ಕಡಿಮೆಯಾಗಲಿಲ್ಲ. ಹಾಗಾದರೆ ಕಾರಣ ಬೆಕ್ಕಲ್ಲವೇ? ಬೆಕ್ಕಿನ ಕೂದಲು ಹೊಟ್ಟೆಗೆ ಹೋದರೆ ದಮ್ಮು ಬರುತ್ತದೆ ಎಂದು ನೆರೆಯವರು ಹೆದರಿಸುತ್ತಾರೆ. ಮೃಗಶಿರಾ ಮಳೆ ಕೂಡುವಾಗ ಹೈದರಾಬಾದಿಗೆ ಕರೆದೊಯ್ದು ಮೀನಿನ ಔಷಧಿ ಕೊಡಿಸಿ ಎಂದೂ ಹೇಳುತ್ತಾರೆ. ಬೆಕ್ಕುಗಳೆಂದರೆ ನಮ್ಮ ಅತ್ತೆಯವರಿಗೆ ಜೀವ, ಮಗಳಿಗೂ ಅಷ್ಟೇ. ಅವುಗಳನ್ನು ಇಟ್ಟುಕೊಂಡೇ ಮಗಳ ಆರೋಗ್ಯ ಕಾಪಾಡಲು ಸಾಧ್ಯವೇ?
— ಒಬ್ಬ ತಾಯಿ, ಕಲಬುರಗಿ

ಉತ್ತರ: ಸಾಧ್ಯವಿದೆ, ಆದರೆ ಒಂದು ಷರತ್ತಿನ ಮೇಲೆ. ಮಗಳ ಉಸಿರಾಟ ಹತೋಟಿಯಲ್ಲಿ ಇರುವವರೆಗೆ ಮಾತ್ರ ಬೆಕ್ಕುಗಳು ಮನೆಯಲ್ಲಿರಬಹುದು. ಎರಡು ಬಾರಿ ಉಬ್ಬಸ ಬಂದಿರುವುದರಿಂದ ಇದನ್ನು ಬರಿಯ ನೆಗಡಿಯೆಂದು ತಳ್ಳಿಹಾಕುವಂತಿಲ್ಲ.

ಮೊದಲು ಹದಿನೈದು ದಿನದ ಪರೀಕ್ಷೆಯ ವಿಷಯ. ಅದು ವಿಫಲವಾದದ್ದು ಬೆಕ್ಕು ಕಾರಣವಲ್ಲ ಎಂಬುದಕ್ಕಲ್ಲ, ಅವಧಿ ಸಾಲದ್ದಕ್ಕೆ. ಅಲರ್ಜಿ ತರುವುದು ಬೆಕ್ಕಿನ ಕೂದಲಲ್ಲ. ಅದರ ಜೊಲ್ಲಿನಲ್ಲಿ ಮತ್ತು ಚರ್ಮದ ಎಣ್ಣೆ ಗ್ರಂಥಿಗಳಲ್ಲಿ ತಯಾರಾಗುವ, ಫೆಲ್ ಡಿ 1 ಎಂದು ಕರೆಯುವ ಒಂದು ಪ್ರೋಟೀನ್ ಮುಖ್ಯ ಕಾರಣ. ಬೆಕ್ಕು ದಿನವಿಡೀ ಮೈ ನೆಕ್ಕಿಕೊಳ್ಳುವಾಗ ಅದು ಮೈತುಂಬ ಹರಡುತ್ತದೆ, ಒಣಗಿ ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿಯಾಗುತ್ತದೆ, ಗಂಟೆಗಟ್ಟಲೆ ಗಾಳಿಯಲ್ಲಿ ತೇಲಿ ಕೊನೆಗೆ ಗೋಡೆ, ಪರದೆ, ಹಾಸಿಗೆಗಳಿಗೆ ಅಂಟಿಕೊಳ್ಳುತ್ತದೆ. ಬೆಕ್ಕು ಮನೆ ಬಿಟ್ಟ ಮೇಲೂ ಆ ಪುಡಿ ಗಣನೀಯವಾಗಿ ಇಳಿಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳು ಬೇಕು. ಬೆಕ್ಕುಗಳು ಆಳಂದದಲ್ಲಿದ್ದ ಆ ಹದಿನೈದು ದಿನವೂ ನಿಮ್ಮ ಮಗಳು ಅದೇ ಹಾಸಿಗೆಯ ಮೇಲೆ, ಅದೇ ಪುಡಿಯಲ್ಲಿ ಮಲಗಿದ್ದಳು.

ಇದರಿಂದ ನೆರೆಯವರ ಮಾತಿಗೂ ಉತ್ತರ ಸಿಕ್ಕಂತಾಯಿತು. ಕೂದಲು ಹೊಟ್ಟೆಗೆ ಹೋಗಿ ದಮ್ಮು ಬರುವುದಿಲ್ಲ. ಪುಡಿ ಉಸಿರಿನೊಂದಿಗೆ ಒಳಹೋಗಿ ಅಥವಾ ಕೈಯಿಂದ ಕಣ್ಣು, ಮೂಗಿಗೆ ತಾಗಿ ತೊಂದರೆ ಕೊಡುತ್ತದೆ. ಆದ್ದರಿಂದ ಬೆಕ್ಕಿನ ಕೂದಲು ಕತ್ತರಿಸುವುದರಿಂದ ಪ್ರಯೋಜನವಿಲ್ಲ. ಅಲರ್ಜಿಯೇ ಬರದ ತಳಿಯ ಬೆಕ್ಕು ಎಂಬುದೂ ಇಲ್ಲ.

ರಕ್ತ ಪರೀಕ್ಷೆಯೊಂದನ್ನೇ ನಂಬಿ ನಾನು ತೀರ್ಮಾನಕ್ಕೆ ಬರುವುದಿಲ್ಲ, ಏಕೆಂದರೆ ಪರೀಕ್ಷೆಯಲ್ಲಿ ಅಲರ್ಜಿ ಎಂದು ಬಂದರೂ ಯಾವ ತೊಂದರೆಯೂ ಇಲ್ಲದ ಮಕ್ಕಳಿದ್ದಾರೆ. ನಿಮ್ಮ ಮಗಳಲ್ಲಿ ಪರೀಕ್ಷೆಯ ಫಲಿತಾಂಶಕ್ಕೂ ಬೆಕ್ಕಿಗೆ ಮುಖ ಒತ್ತಿದೊಡನೆ ಕಣ್ಣು ಕೆಂಪಾಗುವುದಕ್ಕೂ ತಾಳೆಯಾಗುತ್ತಿದೆ. ಆದರೂ ಬೆಕ್ಕೊಂದೇ ಕಾರಣವೆಂದು ಹೇಳಲಾಗದು. ನಮ್ಮ ಭಾಗದಲ್ಲಿ ತೊಗರಿ ರಾಶಿಯ ದಿನಗಳಲ್ಲಿ ಏಳುವ ಹೊಟ್ಟಿನ ಧೂಳು, ಮಳೆಗಾಲದ ನಂತರ ಖಾಲಿ ನಿವೇಶನಗಳಲ್ಲೆಲ್ಲ ಹೂಬಿಡುವ ಕಾಂಗ್ರೆಸ್ ಹುಲ್ಲು, ಜಿರಳೆ, ಬೇಸಿಗೆಯಲ್ಲಿ ಕೂಲರ್‌ನ ಒದ್ದೆ ಹುಲ್ಲಿನ ಪ್ಯಾಡ್‌ನಲ್ಲಿ ಬೆಳೆಯುವ ಬೂಸ್ಟು, ಮನೆಯೊಳಗಿನ ಬೀಡಿ, ಸಿಗರೇಟು, ಊದುಬತ್ತಿಗಳ ಹೊಗೆ, ಇವೆಲ್ಲವೂ ಕೆರಳಿದ ಶ್ವಾಸನಾಳವನ್ನು ಮತ್ತಷ್ಟು ಕೆರಳಿಸುತ್ತವೆ. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ, ರಾತ್ರಿ ಕೆಮ್ಮಿ ಎದ್ದಳೇ, ಆ ದಿನ ಎಲ್ಲಿದ್ದಳು, ಏನು ಮಾಡಿದಳು ಎಂದು ಎರಡು ಸಾಲು ಬರೆದಿಡಿ. ಆರು ವಾರಗಳ ಇಂಥ ಟಿಪ್ಪಣಿ ಪರೀಕ್ಷೆಯ ವರದಿಯಷ್ಟೇ ವೈದ್ಯರಿಗೆ ನೆರವಾಗುತ್ತದೆ.

ಈಗ ಮನೆಯ ಕೆಲಸ. ಮಗು ದಿನದ ಒಂಬತ್ತು–ಹತ್ತು ತಾಸು ಕಳೆಯುವುದು ಮಲಗುವ ಕೋಣೆಯಲ್ಲಿ. ಇಡೀ ಮನೆಯನ್ನು ಶುದ್ಧ ಮಾಡಲು ಹೊರಟು ನಾಲ್ಕೇ ದಿನಕ್ಕೆ ದಣಿಯುವ ಬದಲು ಆ ಒಂದು ಕೋಣೆಯನ್ನು ಕಾಯಿರಿ. ಹಗಲಾಗಲಿ ರಾತ್ರಿಯಾಗಲಿ ಅದರ ಬಾಗಿಲು ಮುಚ್ಚಿರಬೇಕು. ಹಗಲು ಬೆಕ್ಕು ಮಂಚದ ಮೇಲೆ ಮಲಗಿ ಹೋದರೆ ರಾತ್ರಿ ಅದನ್ನು ಹೊರಗಿಟ್ಟು ಫಲವಿಲ್ಲ.

ನಮ್ಮ ಮನೆಗಳಲ್ಲಿ ಇದಕ್ಕೆ ದೊಡ್ಡ ತೊಡಕಾಗುವುದು ಕೌದಿ. ಇಂಥದೇ ಕೆಮ್ಮಿನ ಒಂದು ಮಗುವನ್ನು ನೋಡಲು ಹೋದ ಮನೆಯಲ್ಲಿ, ಎಲ್ಲ ಕಡೆ ಒರೆಸಿ ಥಳಥಳಿಸುವಂತೆ ಇಟ್ಟಿದ್ದರೂ, ಮಗುವಿನ ಮಂಚದ ತುದಿಯಲ್ಲಿ ಮಡಿಸಿಟ್ಟ ಕೌದಿಯ ನಡುವೆ ತಾಟಿನಷ್ಟು ಅಗಲದ ಒಂದು ದುಂಡನೆಯ ತಗ್ಗು ಬಿದ್ದಿತ್ತು. ಬೆಕ್ಕು ದಿನಾ ಮಲಗುತ್ತಿದ್ದ ಜಾಗ ಅದು. ರಾತ್ರಿ ಅದೇ ಕೌದಿಯನ್ನು ಮಗುವಿಗೆ ಕೊರಳವರೆಗೆ ಹೊದಿಸುತ್ತಿದ್ದರು. ಪದರ ಪದರವಾಗಿ ಹಳೆಯ ಸೀರೆ ಸೇರಿಸಿ ಹೊಲಿದ ಕೌದಿ ಪುಡಿಯನ್ನು ಒಳಗೆ ಹಿಡಿದಿಟ್ಟುಕೊಳ್ಳುತ್ತದೆ. ಬಿಸಿಲಿಗೆ ಹಾಕಿ ಬಡಿದರೆ ಸಾಕೆಂದು ನಂಬುವವರು ಬಹಳ, ಆದರೆ ಈ ಪ್ರೋಟೀನ್ ಬಿಸಿಲಿಗೆ ಸುಲಭವಾಗಿ ಹಾಳಾಗುವುದಿಲ್ಲ, ಬಡಿದಾಗ ಗಾಳಿಗೆ ಏಳುತ್ತದೆ. ಅದನ್ನು ತೆಗೆಯುವುದು ನೀರು ಮತ್ತು ಸಾಬೂನು. ಕೌದಿಯನ್ನು ವಾರವಾರ ಒಗೆಯುವುದು ಯಾರಿಂದಲೂ ಆಗದ ಕೆಲಸವಾದ್ದರಿಂದ ಮಗಳಿಗೆ ತೆಳುವಾದ ಹತ್ತಿ ಚಾದರಗಳನ್ನು ಕೊಡಿ, ದಿಂಬಿನ ಗವಸು ಸಹಿತ ಅವನ್ನು ವಾರಕ್ಕೊಮ್ಮೆ ಸುಮಾರು 60 ಡಿಗ್ರಿಯ, ಅಂದರೆ ಕೈ ಇಡಲಾಗದಷ್ಟು ಬಿಸಿಯ ನೀರಿನಲ್ಲಿ ನೆನೆಸಿ ಒಗೆಯಿರಿ. ಗಾದಿಗೆ ಜಿಪ್ ಇರುವ ದಟ್ಟ ನೇಯ್ಗೆಯ ಕವಚ ಹಾಕಿಸಿ. ಹಳೆಯ ಕೌದಿಯ ಒಂದು ತುಂಡನ್ನು ಪಡಸಾಲೆಯಲ್ಲಿ ಬೆಕ್ಕುಗಳಿಗೇ ಹಾಸಿಬಿಡಿ. ತಮ್ಮದೆಂಬ ಜಾಗ ಸಿಕ್ಕರೆ ಅವು ಬಹುಮಟ್ಟಿಗೆ ಅಲ್ಲಿಯೇ ಮಲಗುತ್ತವೆ.

ನೆಲದ ಮಟ್ಟಿಗೆ ನಮ್ಮ ಭಾಗದವರು ಅದೃಷ್ಟವಂತರು. ಶಹಾಬಾದಿ ಫರಸಿಯ ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಪುಡಿ ಬಟ್ಟೆಗೆ ಬರುತ್ತದೆ, ಕಲ್ಲುಗಳ ನಡುವಿನ ಸಂದುಗಳನ್ನು ಮಾತ್ರ ಸ್ವಲ್ಪ ಉಜ್ಜಬೇಕು. ಜಮಖಾನ, ದಪ್ಪ ಪರದೆ, ಮೆತ್ತನೆಯ ಗೊಂಬೆಗಳನ್ನು ಆ ಕೋಣೆಯಿಂದ ತೆಗೆಯಿರಿ. ಒಣ ಕಸಬರಿಗೆಯಿಂದ ಗುಡಿಸುವುದಾದರೆ ಮಗಳು ಶಾಲೆಯಲ್ಲಿರುವಾಗ ಗುಡಿಸಿ, ಕಿಟಕಿ ತೆರೆದಿಡಿ. ಹೆಪಾ ಫಿಲ್ಟರ್ ಇರುವ ಗಾಳಿ ಶುದ್ಧೀಕರಣ ಯಂತ್ರ ತೇಲುವ ಪುಡಿಯನ್ನು ಕಡಿಮೆ ಮಾಡುತ್ತದೆ, ಆದರೆ ಗಾದಿಯೊಳಗೆ ಕುಳಿತದ್ದನ್ನು ಅದು ತೆಗೆಯಲಾರದು. ಹಣಕ್ಕೆ ಅನುಕೂಲವಿದ್ದರೆ ಕೊಳ್ಳಿ, ಇಲ್ಲದಿದ್ದರೆ ಆ ಹಣ ಗಾದಿಯ ಕವಚಕ್ಕೆ ಮತ್ತು ಔಷಧಿಗೆ ಸಲ್ಲಲಿ.

ಬೆಕ್ಕುಗಳ ವಿಷಯದಲ್ಲಿ ನಾನು ಒತ್ತಾಯಿಸುವುದು ಗಂಡು ಬೆಕ್ಕಿನ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು. ಬೀಜವಿರುವ ಗಂಡು ಬೆಕ್ಕು ಈ ಪ್ರೋಟೀನನ್ನು ಹೆಚ್ಚು ಉತ್ಪಾದಿಸುತ್ತದೆ, ಶಸ್ತ್ರಚಿಕಿತ್ಸೆಯ ನಂತರ ಅದು ಇಳಿಯುತ್ತದೆ. ಊರಿನ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ, ಅಲ್ಲಿ ಆಗದಿದ್ದರೆ ಬೀದರ್‌ನ ಪಶುವೈದ್ಯಕೀಯ ಕಾಲೇಜಿನಲ್ಲಿ ಕೇಳಬಹುದು. ಬೆಕ್ಕಿಗೆ ಸ್ನಾನ ಮಾಡಿಸಿದರೆ ಪುಡಿ ಇಳಿಯುವುದು ನಿಜ, ಆದರೆ ಕೆಲವೇ ದಿನಗಳಲ್ಲಿ ಮೊದಲಿನ ಮಟ್ಟಕ್ಕೆ ಬರುತ್ತದೆ. ಬೆಕ್ಕಿಗೂ ನಿಮಗೂ ಆಗುವ ಹಿಂಸೆಗೆ ತಕ್ಕ ಲಾಭ ಅದರಲ್ಲಿಲ್ಲ. ಮೈ ಬಾಚುವುದು, ಹಾಸು ಒಗೆಯುವುದು, ಮಲದ ತಟ್ಟೆ ತೆಗೆಯುವುದು ದೊಡ್ಡವರ ಕೆಲಸವಾಗಲಿ, ಬಾಚುವುದು ಹೊರಗೆ ನಡೆಯಲಿ. ಮಗಳು ಬೆಕ್ಕನ್ನು ಮುಟ್ಟಲಿ, ಆದರೆ ಮುಖ ಒತ್ತುವುದು ಬೇಡ, ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಲಿ, ಮಲಗುವ ಮುನ್ನ ಬಟ್ಟೆ ಬದಲಿಸಲಿ. ಅತ್ತೆಯವರೂ ಬೆಕ್ಕನ್ನು ಮಡಿಲಲ್ಲಿಟ್ಟುಕೊಂಡ ಸೀರೆಯಲ್ಲೇ ಮೊಮ್ಮಗಳನ್ನು ಪಕ್ಕದಲ್ಲಿ ಮಲಗಿಸಿಕೊಳ್ಳಬಾರದು. ಇದನ್ನು ಅವರಿಗೆ ಹೇಳುವುದು ನಿಮಗೆ ಕಷ್ಟವೆಂದು ಬಲ್ಲೆ; ಮುಂದಿನ ಭೇಟಿಗೆ ಅವರನ್ನೂ ಕರೆದೊಯ್ಯಿರಿ, ವೈದ್ಯರೇ ಹೇಳಲಿ.

ಇಷ್ಟೆಲ್ಲ ಮಾಡಿದರೂ ಔಷಧಿಯ ಜಾಗವನ್ನು ಶುಚಿತ್ವ ತುಂಬಲಾರದು. ನಿದ್ದೆ ಕಡಿಮೆ ತರುವ ಸೆಟ್ರಿಜಿನ್, ಲೊರಾಟಡೀನ್‌ನಂಥ ಮಾತ್ರೆ ಅಥವಾ ಸಿರಪ್ಪುಗಳು ಸೀನು, ತುರಿಕೆಗೆ ಒದಗುತ್ತವೆ. ಕಟ್ಟಿದ ಮೂಗಿಗೆ ಸ್ಟಿರಾಯ್ಡ್ ಸ್ಪ್ರೇ ಹೆಚ್ಚು ಪರಿಣಾಮಕಾರಿ, ಆದರೆ ಅದನ್ನು ದಿನಾ ಬಳಸಬೇಕು, ಪೂರ್ಣ ಗುಣ ಕಾಣಲು ಒಂದೆರಡು ವಾರ ಬೇಕು. ಉಬ್ಬಸಕ್ಕೆ ವೈದ್ಯರು ನಿತ್ಯದ ಇನ್‌ಹೇಲರ್ ಬರೆದುಕೊಟ್ಟರೆ ಹೆದರಬೇಡಿ. ಇನ್‌ಹೇಲರ್ ಚಟವಾಗುವುದಿಲ್ಲ, ಅದರ ಔಷಧಿ ಅತಿ ಸಣ್ಣ ಪ್ರಮಾಣದಲ್ಲಿ ನೇರ ಶ್ವಾಸನಾಳಕ್ಕೆ ಹೋಗುತ್ತದೆ. ಈ ವಯಸ್ಸಿಗೆ ಸ್ಪೇಸರ್, ಅಂದರೆ ಇನ್‌ಹೇಲರ್‌ಗೆ ಜೋಡಿಸುವ ಪೊಳ್ಳು ಕೊಳವೆಯ ಮೂಲಕವೇ ಕೊಡಿ, ಕೊಟ್ಟ ಮೇಲೆ ಬಾಯಿ ಮುಕ್ಕಳಿಸಲಿ. ಸ್ಪೇಸರನ್ನು ಸಾಬೂನು ನೀರಿನಲ್ಲಿ ತೊಳೆದು ಬಟ್ಟೆಯಿಂದ ಒರೆಸದೆ ಹಾಗೆಯೇ ಆರಲು ಬಿಡಿ. ಒರೆಸಿದರೆ ಔಷಧಿ ಅದರ ಗೋಡೆಗೆ ಅಂಟುತ್ತದೆ. ಅಲರ್ಜಿಯನ್ನೇ ತಗ್ಗಿಸುವ ಇಮ್ಯುನೊಥೆರಪಿ ಚಿಕಿತ್ಸೆ ಮೂರರಿಂದ ಐದು ವರ್ಷ ನಡೆಯುತ್ತದೆ, ಉಬ್ಬಸ ಹತೋಟಿಗೆ ಬರುವ ಮುನ್ನ ಅದನ್ನು ಆರಂಭಿಸುವಂತಿಲ್ಲ.

ಮೀನಿನ ಔಷಧಿ ಉಬ್ಬಸವನ್ನು ಗುಣಪಡಿಸುತ್ತದೆ ಎಂಬುದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಏಳು ವರ್ಷದ ಮಗುವಿನ ಗಂಟಲಿಗೆ ಜೀವಂತ ಮೀನು ಇಳಿಸುವುದನ್ನೂ, ಆ ನೂಕುನುಗ್ಗಲಿನಲ್ಲಿ ಉಬ್ಬಸದ ಮಗುವನ್ನು ತಾಸುಗಟ್ಟಲೆ ನಿಲ್ಲಿಸುವುದನ್ನೂ ನಾನು ಒಪ್ಪಲಾರೆ. ಅದನ್ನು ನಂಬಿ ಇನ್‌ಹೇಲರ್ ನಿಲ್ಲಿಸುವುದಂತೂ ಅಪಾಯ.

ಉಸಿರೆಳೆಯುವಾಗ ಪಕ್ಕೆಲುಬುಗಳ ನಡುವೆ ಗುಳಿ ಬೀಳುವುದು, ಒಂದು ವಾಕ್ಯ ಮುಗಿಸಲಾಗದಷ್ಟು ಏದುಸಿರು, ತುಟಿ ನೀಲಿಗಟ್ಟುವುದು ಕಂಡರೆ ತುರ್ತು ಇನ್‌ಹೇಲರ್ ಕೊಡುತ್ತ ತಡಮಾಡದೆ ಆಸ್ಪತ್ರೆಗೆ ಹೋಗಿ, ವಾಹನವಿಲ್ಲದಿದ್ದರೆ 108ಕ್ಕೆ ಕರೆಮಾಡಿ.

ಎರಡು–ಮೂರು ತಿಂಗಳು ಇವನ್ನೆಲ್ಲ ನಿಷ್ಠೆಯಿಂದ ಮಾಡಿ, ಔಷಧಿ ತಪ್ಪದೆ ಕೊಟ್ಟರೂ ರಾತ್ರಿಯ ಕೆಮ್ಮು ನಿಲ್ಲದಿದ್ದರೆ, ಅಥವಾ ಮತ್ತೊಮ್ಮೆ ಉಬ್ಬಸ ಬಂದರೆ, ಬೆಕ್ಕುಗಳಿಗೆ ಬೇರೆ ಮನೆ ನೋಡಲೇಬೇಕು. ಬೀದಿಗೆ ಬಿಡುವುದು ಬೇಡ, ಆಳಂದದ ಮನೆಯವರು ಒಮ್ಮೆ ಇಟ್ಟುಕೊಂಡಿದ್ದಾರಲ್ಲ, ಅವರನ್ನೇ ಕೇಳಿ. ಆ ದಿನ ಬಂದರೆ ‘ನಿನ್ನಿಂದಾಗಿ ಬೆಕ್ಕು ಹೋಯಿತು’ ಎಂಬ ಮಾತು ಯಾರ ಬಾಯಿಂದಲೂ ಮಗಳ ಕಿವಿಗೆ ಬೀಳಬಾರದು. ಆಮೇಲೆ ನೋಡಲು ಆಳಂದಕ್ಕೆ ಹೋಗುವಾಗಲೂ ಇನ್‌ಹೇಲರ್ ಮತ್ತು ಸ್ಪೇಸರ್ ಚೀಲದಲ್ಲಿರಲಿ, ರಾತ್ರಿ ಅಲ್ಲಿ ಉಳಿಯದೆ ಮರಳಿ ಬನ್ನಿ.