ಹುಲ್ಲಿನ ಕೆಳಗಿರುವ ಬ್ರೂಕ್ ಫಾರ್ಮ್

ಪ್ರಶ್ನೆ: ಮೇಡಂ, ಮಗಳ ಬಾಣಂತನಕ್ಕೆಂದು ನಾವಿಬ್ಬರೂ ಬಾಸ್ಟನ್ನಿಗೆ ಬಂದಿದ್ದೇವೆ. ಇಲ್ಲಿನ ಬ್ರೂಕ್ ಫಾರ್ಮನ್ನು ಪುರಾತತ್ವಜ್ಞರೊಬ್ಬರು ನಡೆಸಿಕೊಂಡು ಹೋಗಿ ತೋರಿಸುತ್ತಾರಂತೆ, ಅಳಿಯ ನಮ್ಮ ಹೆಸರು ಕೊಟ್ಟಿದ್ದಾನೆ. ಮೊನ್ನೆ ಒಬ್ಬನೇ ಹೋಗಿ ನೋಡಿದೆ. ಹುಲ್ಲು, ಮರ, ಒಂದು ಹಳೇ ಕಟ್ಟಡ, ಅಷ್ಟೇ. ಅಲ್ಲಿ ಏನು ನೋಡುವುದು?
– ನಿವೃತ್ತ ಶಿಕ್ಷಕರು, ಮೈಸೂರು

ಉತ್ತರ: ಖಂಡಿತ ಹೋಗಿ ಸರ್. ತಮ್ಮನ ಮನೆಗೆ ಹೋಗಿದ್ದಾಗ ನಾನೂ ಮೊದಲ ಸಲ ಹೀಗೇ ಪೆಚ್ಚಾಗಿ ವಾಪಸ್ ಬಂದಿದ್ದೆ. ಎರಡನೇ ಸಲ ತಿಳಿದವರ ಜೊತೆ ನಡೆದಾಗಲೇ ಆ ಜಾಗ ಕಣ್ಣಿಗೆ ಬಿದ್ದದ್ದು.

ಬ್ರೂಕ್ ಫಾರ್ಮ್ ಎಂದರೆ 1840ರ ದಶಕದಲ್ಲಿ ಕೆಲವರು ಒಟ್ಟಿಗೆ ದುಡಿದು ಬಾಳಲು ಹೊರಟ ತೋಟ. ನೀವು ಕಂಡ ಕಟ್ಟಡ ಅವರದ್ದಲ್ಲ. ಮುದ್ರಣಾಲಯ ಎನ್ನುವ ಅದು ಸುಮಾರು 1890ರದ್ದು, ಆಮೇಲೆ ಅಲ್ಲಿ ಲೂಥರನ್ ಎಂಬ ಕ್ರೈಸ್ತ ಪಂಥದವರು ನಡೆಸಿದ ಅನಾಥಾಲಯದ ಕಾಲದ್ದು. ಪಾದ್ರಿಯ ಕೆಲಸ ಬಿಟ್ಟ ಜಾರ್ಜ್ ರಿಪ್ಲಿ, ಅವರ ಹೆಂಡತಿ ಸೋಫಿಯಾ ಮತ್ತು ಗೆಳೆಯರು 1841ರಲ್ಲಿ ಇಲ್ಲಿಗೆ ಬಂದರು. ಓದುವವರು ಉಳಬೇಕು, ಉಳುವವರು ಓದಬೇಕು ಎಂಬುದು ಅವರ ಆಸೆ. ಕಾದಂಬರಿಕಾರ ಹಾಥಾರ್ನ್ ಕೂಡ ಆ ವರ್ಷ ಇಲ್ಲಿ ಗೊಬ್ಬರ ಎತ್ತಿದವರು. ಆ ತಿಪ್ಪೆಗೆ ಅಲ್ಲಿ ‘ಚಿನ್ನದ ಗಣಿ’ ಎಂದೇ ಹೆಸರು!

ಮೊದಲು ಕೆಳಗಿನ ‘ಹೈವ್’, ಅಂದರೆ ಜೇನುಗೂಡು, ಇದ್ದ ಜಾಗದಲ್ಲಿ ನಿಲ್ಲಿ. ಮೊದಲೇ ಇದ್ದ ತೋಟದ ಮನೆ ಅದು; ಅಡುಗೆ, ಪಂಕ್ತಿಯ ಊಟ ಎಲ್ಲ ಅಲ್ಲೇ. ಅಲ್ಲಿಂದ ಬಂಡೆ ಹತ್ತಿ ‘ಐರಿ’, ಅಂದರೆ ಹದ್ದಿನ ಗೂಡು, ಇದ್ದ ಕಡೆ ಹೋಗಿ. 1842ರಲ್ಲಿ ಕಟ್ಟಿದ ಆ ಮನೆಯಲ್ಲಿ ರಿಪ್ಲಿಯವರ ಪುಸ್ತಕಗಳಿದ್ದವು. ಗಾರೆಯಲ್ಲಿ ಬೆಣಚುಕಲ್ಲು ಹೂತಿಟ್ಟಂತೆ ಕಾಣುವ ಆ ಬಂಡೆಯನ್ನೂ ಮುಟ್ಟಿ ನೋಡಿ. ಪುಸ್ತಕ ಮೇಲೆ, ಒಲೆ ಕೆಳಗೆ. ಮೇಲಿನವರು ಊಟಕ್ಕೆ ಇಳಿಯಬೇಕು, ಹಿಮ ಬಿದ್ದರೂ ಇಳಿಯಬೇಕು. ಆ ಏರು ಹತ್ತಿದ ನನ್ನ ಮೊಣಕಾಲಿಗೆ ಅವರ ದಿನಚರಿ ಪುಸ್ತಕಕ್ಕಿಂತ ಚೆನ್ನಾಗಿ ಅರ್ಥವಾಯಿತು.

ಇನ್ನೊಂದು ಕಡೆ ‘ಫ್ಯಾಲನ್‌ಸ್ಟರಿ’ಯ ತಳಪಾಯ. 1844ರಲ್ಲಿ ಅವರು ಫ್ರಾನ್ಸಿನ ಚಿಂತಕ ಫೂರಿಯೆ ಹೇಳಿದ ದಾರಿ ಹಿಡಿದು, ಎಲ್ಲರೂ ಒಟ್ಟಿಗೆ ಇರಲು 175 ಅಡಿ ಉದ್ದದ ಮನೆ ಎಬ್ಬಿಸತೊಡಗಿದರು. 1846ರ ಮಾರ್ಚ್ 3ರ ರಾತ್ರಿ, ಕೆಲಸ ಮುಗಿಯುವ ಮೊದಲೇ, ಅದು ಸುಟ್ಟುಹೋಯಿತು. ವಿಮೆ ಇರಲಿಲ್ಲ. ಮರುವರ್ಷ ಎಲ್ಲರೂ ಚದುರಿದರು. ಅಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲಿ.

ಅಗೆಯುವವರಿಗೆ ಇಲ್ಲಿ ಕಷ್ಟವೇನೆಂದರೆ, 1861ರಲ್ಲಿ ಇಲ್ಲಿ ಸೈನಿಕರ ಶಿಬಿರವಿತ್ತು, ನಂತರ ಹಲವು ದಶಕ ಅನಾಥಾಲಯ. ಒಂದು ಪಿಂಗಾಣಿ ಚೂರು ಸಿಕ್ಕರೆ ಅದು ರಿಪ್ಲಿಯವರ ಬಟ್ಟಲೋ, ಅನಾಥ ಮಗುವಿನ ತಟ್ಟೆಯೋ? ಎಷ್ಟು ಆಳದಲ್ಲಿ, ಯಾವುದರ ಪಕ್ಕದಲ್ಲಿ ಸಿಕ್ಕಿತು ಎಂಬುದೇ ಆಧಾರ. 1990ರ ದಶಕದಲ್ಲಿ ಇಲ್ಲಿ ಅಗೆದವರಿಗೂ ಇದೇ ಸವಾಲು. ಆದ್ದರಿಂದ ಕೈಮುಗಿದು ಕೇಳುತ್ತೇನೆ, ಚೂರು ಕಂಡರೆ ಜೇಬಿಗೆ ಹಾಕಬೇಡಿ. ಜೊತೆಯಲ್ಲಿರುವ ಪುರಾತತ್ವಜ್ಞರಿಗೆ ತೋರಿಸಿ.

ಪ್ರಶ್ನೆ: 6 ವರ್ಷಕ್ಕೇ ಮುಚ್ಚಿಹೋದ ಬ್ರೂಕ್ ಫಾರ್ಮಿನಂಥ ಪ್ರಯೋಗಕ್ಕೆ ಇಷ್ಟು ಗೌರವ ಯಾಕೆ?
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ಬಟ್ಟೆ ಒಗೆದ ಹೆಂಗಸಿಗೂ ಗ್ರೀಕ್ ಕಲಿಸಿದ ಮೇಷ್ಟರಿಗೂ ಒಂದೇ ಕೂಲಿ ಎಂದು 1841ರಲ್ಲೇ ಬರೆದುಕೊಂಡವರು ಅವರು. ನಿಮ್ಮ ಮನೆಯ ಕೆಲಸದವರ ಕೂಲಿ ಎಷ್ಟು ಎಂದು ಒಮ್ಮೆ ಅಮ್ಮನನ್ನು ಕೇಳಿ ನೋಡಮ್ಮ.

ಮೈಸೂರಿನ ಸರ್, ಹೇಳಲು ಮರೆತೆ. ಅಲ್ಲಿನ ಹುಲ್ಲಿನಲ್ಲಿ ಉಣ್ಣಿಗಳಿವೆ, ಅವು ಕಚ್ಚಿದರೆ ಲೈಮ್ ಜ್ವರ ಬರಬಹುದು. ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿಕೊಳ್ಳಿ, ಮನೆಗೆ ಬಂದ ಕೂಡಲೇ ಬಟ್ಟೆ ಬದಲಿಸಿ ಸ್ನಾನ ಮಾಡಿ, ಆಮೇಲೆ ಮೊಮ್ಮಗುವನ್ನು ಎತ್ತಿಕೊಳ್ಳಿ.