‘ಮಿತವ್ಯಯ’ ಪದದ ಅರ್ಥ ಮತ್ತು ಮೂಲವೇನು? ಅದು ಜಿಪುಣತನವೇ?

ಮಿತವ್ಯಯವೆಂದರೆ ಅಳತೆಯರಿತ ಖರ್ಚು, ಅದು ಜಿಪುಣತನವಲ್ಲ. ಸಂಸ್ಕೃತದಿಂದ ಬಂದ ಈ ಸಮಾಸಪದದ ಮೊದಲ ಭಾಗವಾದ ‘ಮಿತ’ವು ಅಳೆಯುವುದೆಂಬ ಅರ್ಥದ ‘ಮಾ’ ಧಾತುವಿನಿಂದ ಹುಟ್ಟಿದ್ದು, ಪರಿಮಿತ, ಅಮಿತ, ಮಿತಿ ಎಂಬ ಪದಗಳೂ ಅದೇ ಮೂಲದವು. ಆದ್ದರಿಂದ ‘ಮಿತ’ವನ್ನು ಬರೀ ‘ಕಡಿಮೆ’ ಎಂದು ತಿಳಿಯುವುದು ಅರ್ಧ ಮಾತ್ರ ಸರಿ: ಮಿತಭಾಷಿಯು ಮಾತನಾಡಲು ಹಿಂಜರಿಯುವವನಲ್ಲ, ಬೇಕಾದಷ್ಟೇ ಆಡುವವನು.

‘ವ್ಯಯ’ದಲ್ಲಿರುವುದು ಹೋಗುವುದೆಂಬ ಅರ್ಥದ ‘ಇ’ ಧಾತು. ಅದಕ್ಕೆ ‘ವಿ’ ಉಪಸರ್ಗ ಸೇರಿ ‘ಕಳೆದುಹೋಗುವುದು’ ಎಂಬ ಅರ್ಥ ಬಂದಿದೆ. ಅದೇ ಧಾತುವಿಗೆ ‘ಆ’ ಸೇರಿದರೆ ಒಳಬರುವ ‘ಆಯ’ವಾಗುತ್ತದೆ, ಸರ್ಕಾರ ಮಂಡಿಸುವ ‘ಆಯವ್ಯಯ’ದಲ್ಲಿ ಇವೆರಡೂ ಜೊತೆಗಿವೆ. ರೂಪ ಬದಲಾಗದ ಪದಗಳನ್ನು ವ್ಯಾಕರಣದಲ್ಲಿ ‘ಅವ್ಯಯ’ ಎನ್ನುವುದೂ ಈ ‘ವ್ಯಯ’ದಿಂದಲೇ. ಹಳಗನ್ನಡದಲ್ಲಿ ಇದರ ತದ್ಭವ ‘ಬೀಯ’.

ಜಿಪುಣನಿಗೆ ಸಂಸ್ಕೃತದಲ್ಲಿರುವ ‘ಕೃಪಣ’ ಎಂಬ ಪದದ ದಾರಿಯೇ ಬೇರೆ. ಅದಕ್ಕೆ ದೀನ, ಮರುಕಕ್ಕೆ ಪಾತ್ರನಾದವನು ಎಂಬ ಅರ್ಥವೂ ಉಂಟು. ಭಗವದ್ಗೀತೆಯ ‘ಕೃಪಣಾಃ ಫಲಹೇತವಃ’ (ಫಲಕ್ಕಾಗಿಯೇ ಕರ್ಮ ಮಾಡುವವರು ದೀನರು) ಎಂಬಲ್ಲಿರುವುದು ಆ ಅರ್ಥವೇ. ಅಗತ್ಯಕ್ಕೂ ಕೈಬಿಚ್ಚದವನು ಕೃಪಣ. ಅಗತ್ಯವನ್ನು ಅಳೆದು ಅಷ್ಟನ್ನು ಹಿಂಜರಿಯದೆ ಖರ್ಚು ಮಾಡುವವನು ಮಿತವ್ಯಯಿ.